ನೀರಿನ ಸಾಲ: ಬಡ್ಡಿ ಕಡಿಮೆ, ಖರ್ಚು ಎಲ್ಲಿ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಗೆಳೆಯರಿಗೆ ಫ್ಲೋರೈಡ್ ಅಂದ್ರೇನು ಅಂತ ವಿವರಿಸಬೇಕಿಲ್ಲ. ಕಲೆ ಬಿದ್ದ ಹಲ್ಲು, ಬಗ್ಗದ ಮೊಣಕಾಲು ನೋಡಿಯೇ ಬೆಳೆದವರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಸಾಂದ್ರತೆ ಇನ್ನೂ ಏರುತ್ತೆ. ಶುದ್ಧೀಕರಣ ಘಟಕ ಬೇಕು, ಇಲ್ಲವೇ ದೂರದ ನದಿ ನೀರು. ಎರಡಕ್ಕೂ ದುಡ್ಡು.

ಇದಕ್ಕೊಂದು ದಾರಿ, 1995-96ರಲ್ಲಿ ನಬಾರ್ಡ್‌ನಲ್ಲಿ ಶುರುವಾದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ. ಆದ್ಯತಾ ವಲಯದ ಗುರಿ ಮುಟ್ಟದ ಬ್ಯಾಂಕುಗಳು ಇಲ್ಲಿ ಠೇವಣಿ ಇಡುತ್ತವೆ. ಆ ಹಣ ಕಡಿಮೆ ಬಡ್ಡಿಗೆ ರಾಜ್ಯ ಸರ್ಕಾರಕ್ಕೆ ಸಾಲವಾಗುತ್ತೆ. 7 ವರ್ಷದಲ್ಲಿ ತೀರಿಸಬೇಕು, ಮೊದಲ 2 ವರ್ಷ ಅಸಲು ಕಟ್ಟಬೇಕಿಲ್ಲ.

ಬಡ್ಡಿಯ ವ್ಯತ್ಯಾಸ ಎಷ್ಟು? ಸುಮ್ಮನೆ ಒಂದು ಲೆಕ್ಕ ಹಾಕೋಣ: 10 ಲಕ್ಷ ಸಾಲ, 500 ಮನೆ. ಶೇ. 10ಕ್ಕೆ ಮೊದಲ ವರ್ಷದ ಬಡ್ಡಿ 1 ಲಕ್ಷ, ಮನೆಗೆ ತಿಂಗಳಿಗೆ ಸುಮಾರು 17 ರೂಪಾಯಿ. ಶೇ. 5ಕ್ಕೆ 8 ಚಿಲ್ಲರೆ.

ಆದರೆ ಘಟಕ ಕಟ್ಟೋದು ಒಂದು ಸಲ. ಮೆಂಬ್ರೇನ್, ಕರೆಂಟು, ನೋಡಿಕೊಳ್ಳೋ ಮನುಷ್ಯ ಪ್ರತಿ ವರ್ಷ. ಸಾಲದ ಅರ್ಜಿ ಬರೆಯುವಾಗಲೇ ಈ ಅಂಕಿಯನ್ನೂ ಪಕ್ಕದಲ್ಲಿ ಬರೀಬೇಕು ಅನ್ನೋದು ನನ್ನ ವಾದ. ಇನ್ನೊಂದು, ಆರ್‌ಓನಲ್ಲಿ ಅರ್ಧ ನೀರು ಹೊರಬಿದ್ದರೆ ಅದರಲ್ಲಿ ಫ್ಲೋರೈಡ್ ಹತ್ತಿರ ಹತ್ತಿರ ಎರಡರಷ್ಟು. ಆ ಪೈಪು ಯಾವ ಕೊಳವೆಬಾವಿ ಪಕ್ಕಕ್ಕೆ ಹೋಗ್ತಿದೆ, ಊರಿಗೆ ಹೋದಾಗ ನೋಡಿ ಬನ್ನಿ.