ಗುಂಪಿನ ಕೆಲಸಕ್ಕೆ ವಾಟ್ಸ್‌ಆಪ್ ಸಂದೇಶ: ಬರೆಯುವ ಕ್ರಮ

ಬೀಜ, ಗೊಬ್ಬರಗಳನ್ನು ಒಟ್ಟಾಗಿ ಕೊಂಡು, ಬೆಳೆದುದನ್ನು ಒಟ್ಟಾಗಿ ಮಾರುವ ರೈತ ಉತ್ಪಾದಕ ಸಂಸ್ಥೆಗಳು ಈಗ ಅನೇಕ ಕಡೆ ಇವೆ. ಇವುಗಳ ಹಾಗೂ ನೀರು ಬಳಕೆದಾರರ ಸಂಘಗಳ ವ್ಯವಹಾರದ ಬಹುಪಾಲು ಸೂಚನೆಗಳು ವಾಟ್ಸ್‌ಆಪ್ ಗುಂಪಿನಲ್ಲಿ ಬರುತ್ತವೆ. ಆದರೆ ಸಂದೇಶ ಹೋದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಓದಿದವರು ಮರುಪ್ರಶ್ನೆ ಕೇಳದೆ ಕೆಲಸಕ್ಕೆ ತೊಡಗುವಂತೆ ಅದು ಪೂರ್ಣವಾಗಿರಬೇಕು. ಇದಕ್ಕಾಗಿ ರೈತ ಬಾಂಧವರು ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ದಿನ ಮತ್ತು ವೇಳೆ: "ನಾಳೆ ಉಪಕಾಲುವೆಗೆ ನೀರು" ಎಂಬ ಸಂದೇಶವನ್ನು ಮರುದಿನ ಓದಿದವರಿಗೆ ನಾಳೆ ಎಂದರೆ ಬೇರೆ ದಿನ. ಅವರ ಸರದಿ ತಪ್ಪಿಹೋಗುತ್ತದೆ. ಆದುದರಿಂದ ವಾರ, ತಾರೀಖು, ಗಂಟೆ ಮೂರನ್ನೂ ಬರೆಯಿರಿ.

2. ಅಳತೆ: "ಔಷಧಿ 30 ಮಿ.ಲೀ. ಹಾಕಿ" ಎಂದರೆ ಸಾಲದು. 15 ಲೀಟರ್ ಟ್ಯಾಂಕಿಗೆ 30 ಮಿ.ಲೀ. ಎಂದರೆ ಲೀಟರಿಗೆ 2 ಮಿ.ಲೀ. ಆಯಿತು. ಅದನ್ನೇ ಲೀಟರಿಗೆ 30 ಮಿ.ಲೀ. ಎಂದು ತಿಳಿದರೆ 15 ಪಟ್ಟು ಹೆಚ್ಚು ಔಷಧಿ ಬೀಳುತ್ತದೆ. ಇದರಿಂದ ಬೆಳೆ ಸುಡಬಹುದು, ಸಿಂಪಡಿಸುವವರಿಗೂ ಅಪಾಯ. ಔಷಧಿಯ ಹೆಸರಿನೊಡನೆ ಅದರ ಶಕ್ತಿಯನ್ನೂ ತಿಳಿಸಬೇಕು. ಇಮಿಡಾಕ್ಲೋಪ್ರಿಡ್ 17.8 ಎಸ್.ಎಲ್. ಮತ್ತು 70 ಡಬ್ಲ್ಯು.ಜಿ. ಎಂಬ ಎರಡು ರೂಪಗಳಿಗೆ ಒಂದೇ ಪ್ರಮಾಣವಲ್ಲ. ಡಬ್ಬಿಯ ಚೀಟಿಯ ಚಿತ್ರ ಕಳುಹಿಸುವುದು ಉತ್ತಮ. ಸಂಶಯವಿದ್ದಲ್ಲಿ ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ಕ್ಕೆ ಕೇಳಬಹುದು.

3. ಜವಾಬ್ದಾರಿ: "ಯಾರಾದರೂ ಲಾರಿಗೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. ಒಬ್ಬರ ಹೆಸರು ಹಿಡಿದು ಬರೆಯಿರಿ. ಅವರು "ಒಪ್ಪಿದೆ" ಎಂದು ಉತ್ತರಿಸಲಿ.

4. ತಲುಪಿದ್ದರ ಖಾತರಿ: ನೀವು ಕಳುಹಿಸಿದ ಸಂದೇಶವನ್ನು ಒತ್ತಿ ಹಿಡಿದು "ಮಾಹಿತಿ" ತೆರೆದರೆ ಓದಿದವರ ಹೆಸರು ಕಾಣುತ್ತದೆ. ಓದದವರಿಗೂ, ಸಾದಾ ಫೋನ್ ಇರುವವರಿಗೂ ಕರೆ ಮಾಡಿ ತಿಳಿಸಲು ಒಬ್ಬರನ್ನು ಗೊತ್ತುಮಾಡಿರಿ.

5. ತಪ್ಪು ತಿದ್ದುವುದು: ಕಳುಹಿಸಿದ 15 ನಿಮಿಷದೊಳಗೆ ಸಂದೇಶವನ್ನು ತಿದ್ದಬಹುದು. ಆದರೆ ಮೊದಲೇ ಓದಿದವರು ಮತ್ತೆ ನೋಡದಿರಬಹುದು. "ತಿದ್ದುಪಡಿ" ಎಂದು ಮೇಲೆ ಬರೆದು ಹೊಸದಾಗಿ ಕಳುಹಿಸುವುದೇ ಕ್ಷೇಮ.

6. ಶುಭಾಶಯಗಳು: ಹಬ್ಬದ ಚಿತ್ರಗಳ ನಡುವೆ ಮುಖ್ಯ ಸೂಚನೆ ಮುಳುಗಿಹೋಗುತ್ತದೆ. ಸೂಚನೆಗಳಿಗೆಂದೇ ಒಂದು ಗುಂಪು ಮಾಡಿ, ಅದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಇಡಬಹುದು. ಮಾತುಕತೆಗೆ ಬೇರೊಂದು ಗುಂಪು ಇರಲಿ.

ಮಾದರಿ ಸಂದೇಶ:

"ತೊಗರಿ ತೂಕ. ಗುರುವಾರ, ಜನವರಿ 22, ಬೆಳಿಗ್ಗೆ 7 ಗಂಟೆ, ಸಂಘದ ಗೋದಾಮು. ಕಾಳು ಚೆನ್ನಾಗಿ ಒಣಗಿರಲಿ, ಚೀಲದ ಮೇಲೆ ಹೆಸರಿರಲಿ. ಎಷ್ಟು ಚೀಲವೆಂದು ಬುಧವಾರ ಸಂಜೆ 6ರೊಳಗೆ ಕಾರ್ಯದರ್ಶಿಯವರಿಗೆ ತಿಳಿಸಿರಿ."

ಕಾಲುವೆ ಒಡೆದಾಗ, ವಿದ್ಯುತ್ ತಂತಿ ಹರಿದು ಬಿದ್ದಾಗ ಸಂದೇಶ ಬರೆಯುತ್ತ ಕೂರಬಾರದು. ಕೂಡಲೇ ಕರೆ ಮಾಡಬೇಕು. ಉಳಿದ ಕೆಲಸಗಳಿಗೆ, ಕಳುಹಿಸುವ ಮುನ್ನ ಒಮ್ಮೆ ಓದಿ ನೋಡಿರಿ. ಏನು, ಎಲ್ಲಿ, ಯಾವಾಗ, ಎಷ್ಟು, ಯಾರು ಎಂಬ ಐದಕ್ಕೂ ಉತ್ತರವಿದ್ದರೆ ಆ ಸಂದೇಶ ಕಳುಹಿಸಲು ಯೋಗ್ಯ.