‘ಇಲ್ಲ’ ಎಂಬದನ್ನು ಬರೆಯುವ ಕ್ರಮ

ಗಣಕಯಂತ್ರಕ್ಕೆ ಪ್ರೋಗ್ರಾಮುಗಳನ್ನು ಬರೆಯುವ ವಿದ್ಯೆಯನ್ನು ಈಗ ನಮ್ಮ ಹುಡುಗಿಯರಲ್ಲಿ ಅನೇಕರು ಕಲಿಯುತ್ತಿರುವರು. ಆ ವಿದ್ಯೆಯಲ್ಲಿ ಇರುವದನ್ನು ಬರೆದಿಡುವದು ಸುಲಭ. ಇಲ್ಲದಿರುವದನ್ನು ತಪ್ಪಿಲ್ಲದೆ ಬರೆದಿಡುವದೇ ಕಷ್ಟ. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯಲ್ಲಿ ಈ ಕಷ್ಟವನ್ನು ಹೇಗೆ ಪರಿಹರಿಸುವರೆಂಬದನ್ನು, ಎಲ್ಲರೂ ಬಲ್ಲ ಅಂಕಪಟ್ಟಿಯ ದೃಷ್ಟಾಂತದಿಂದ ಇಲ್ಲಿ ವಿವರಿಸುವೆವು.

ಐವರು ವಿದ್ಯಾರ್ಥಿನಿಯರಿರುವ ಪಟ್ಟಿಯೊಂದನ್ನು ಭಾವಿಸಿರಿ. ಮೂವರಿಗೆ ಗಣಿತದಲ್ಲಿ 62, 48, 70 ಅಂಕಗಳು ಬಂದಿವೆ. ನಾಲ್ಕನೆಯವಳು ಪರೀಕ್ಷೆಯನ್ನು ಬರೆದು ಸೊನ್ನೆ ಪಡೆದಿರುವಳು. ಐದನೆಯವಳು ಜ್ವರದ ನಿಮಿತ್ತ ಪರೀಕ್ಷೆಗೆ ಬರಲೇ ಇಲ್ಲ. ಅವಳ ಹೆಸರಿನ ಮುಂದೆಯೂ 0 ಎಂದು ಬರೆದರೆ, ಒಟ್ಟು 180ನ್ನು 5ರಿಂದ ಭಾಗಿಸಿ ಸರಾಸರಿ 36 ಎಂದಾಗುವದು. ಬರೆದ ನಾಲ್ವರನ್ನೇ ಲೆಕ್ಕಕ್ಕೆ ಹಿಡಿದರೆ 45. ಗೈರುಹಾಜರಿಯ ಗುರುತೆಂದು -1 ಬರೆಯುವವರೂ ಉಂಟು. ಯಂತ್ರವು ಅದನ್ನೂ ಸಂಖ್ಯೆಯೆಂದೇ ತಿಳಿದು ಕೂಡಿಸಿ, ಸರಾಸರಿ 35.8 ಎಂದು ಹೇಳುವದು. ಸರಾಸರಿ ಕೆಟ್ಟರೆ ಕೆಡಲಿ. ಕಾಯಿಲೆಯಿಂದ ಮಲಗಿದ್ದವಳು ಅನುತ್ತೀರ್ಣಳೆನಿಸಿ, ಮರುಪರೀಕ್ಷೆಯನ್ನೂ ವಿದ್ಯಾರ್ಥಿವೇತನವನ್ನೂ ಕಳೆದುಕೊಂಡರೆ ಆ ಅನ್ಯಾಯಕ್ಕೆ ಉತ್ತರ ಹೇಳುವವರು ಯಾರು?

ಈ ಕಷ್ಟಕ್ಕೆ ಅನೇಕ ಭಾಷೆಗಳಲ್ಲಿ ‘ನಲ್’ ಎಂಬ ಶೂನ್ಯಸೂಚಕವನ್ನು ಇಟ್ಟಿರುವರು. ಇದನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಎಂಬ ಭಾಷೆಯಲ್ಲಿ ಸೇರಿಸಿದವರು ಆಂಗ್ಲ ವಿದ್ವಾಂಸರಾದ ಟೋನಿ ಹೋರ್ ಅವರು. 2009ರಲ್ಲಿ ಅವರೇ ಇದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಕರೆದರು. ದೋಷವೆಲ್ಲಿ? ಅಂಥ ಭಾಷೆಗಳಲ್ಲಿ, ವಸ್ತುವಿರಬೇಕಾದ ಯಾವ ಸ್ಥಳದಲ್ಲಿಯೂ ನಲ್ ಅಡಗಿರಬಹುದು. ಹೊರಗಿನಿಂದ ನೋಡಿದರೆ ಗುರುತು ಸಿಕ್ಕದು. ಪರೀಕ್ಷಿಸಲು ಮರೆತವನ ಪ್ರೋಗ್ರಾಮು ನಡುದಾರಿಯಲ್ಲಿ ಮುರಿದುಬೀಳುವದು.

ಫಂಕ್ಷನಲ್ ಪದ್ಧತಿಯ ಅನೇಕ ಭಾಷೆಗಳು ಬೇರೊಂದು ಮಾರ್ಗವನ್ನು ಹಿಡಿದವು. ಅವುಗಳಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಟೈಪ್, ಅಂದರೆ ಅದು ಯಾವ ಬಗೆಯದೆಂಬ ನಿಶ್ಚಯ, ಉಂಟು. ಹ್ಯಾಸ್ಕೆಲ್ ಭಾಷೆಯಲ್ಲಿ ‘ಇರಬಹುದು, ಇಲ್ಲದಿರಬಹುದು’ ಎಂಬದಕ್ಕೇ ಪ್ರತ್ಯೇಕವಾದ ಟೈಪ್ ಇದೆ. ಅದನ್ನು ಕನ್ನಡ ಲಿಪಿಯಲ್ಲಿ ಬರೆದರೆ ಹೀಗಾಗುವದು:

ಡೇಟಾ ಮೇಬಿ ಎ = ನಥಿಂಗ್ | ಜಸ್ಟ್ ಎ

ನಡುವಿನ ಗೆರೆಯನ್ನು ‘ಅಥವಾ’ ಎಂದು ಓದಬೇಕು. ‘ಎ’ ಎಂಬಲ್ಲಿ ಯಾವ ಟೈಪನ್ನಾದರೂ ಇಡಬಹುದು. ‘ಇಂಟ್’ ಎಂದರೆ ಪೂರ್ಣಾಂಕ. ‘ಮೇಬಿ ಇಂಟ್’ ಎಂದರೆ ಬರಿದಾಗಿರಬಹುದಾದ ಅಥವಾ ಪೂರ್ಣಾಂಕವುಳ್ಳ ಪೆಟ್ಟಿಗೆ. ಇವೆರಡೂ ಬೇರೆ ಬೇರೆ ಟೈಪುಗಳಾದುದರಿಂದ ಪೆಟ್ಟಿಗೆಯನ್ನು ತೆರೆಯದೆ ಸಂಖ್ಯೆಯೊಡನೆ ಕೂಡಿಸಹೋದರೆ, ಪ್ರೋಗ್ರಾಮು ಓಡುವದಕ್ಕೆ ಮುಂಚೆಯೇ ಕಂಪೈಲರು ತಡೆಯುವದು. ಓಕ್ಯಾಮಲ್ ಮತ್ತು ರಸ್ಟ್ ಭಾಷೆಗಳಲ್ಲಿ ಇದೇ ಏರ್ಪಾಡಿಗೆ ‘ಆಪ್ಶನ್’ ಎಂದು ಹೆಸರು. ಹೀಗೆ ನಮ್ಮ ಐದನೆಯ ಹುಡುಗಿಯ ‘ನಥಿಂಗ್’ ಮತ್ತು ನಾಲ್ಕನೆಯವಳ ‘ಜಸ್ಟ್ 0’ ಎಂದಿಗೂ ಒಂದಾಗಲಾರವು.

ಆದರೆ ಇಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ‘ನಥಿಂಗ್’ ಎಂಬದು ಅಂಕವಿಲ್ಲವೆಂದು ಹೇಳುವದೇ ಹೊರತು, ಯಾಕೆ ಇಲ್ಲವೆಂದು ಹೇಳದು. ಒಬ್ಬಳು ಗೈರುಹಾಜರಾಗಿರಬಹುದು, ಅವಳಿಗೆ ಮರುಪರೀಕ್ಷೆ ಬೇಕು. ಇನ್ನೊಬ್ಬಳಿಗೆ ಆ ವಿಷಯದಿಂದ ವಿನಾಯಿತಿ ದೊರೆತಿರಬಹುದು. ಅವಳಿಗೆ ಏನೂ ಬೇಡ. ಮತ್ತೊಬ್ಬಳ ಉತ್ತರಪತ್ರಿಕೆಯ ಮೌಲ್ಯಮಾಪನವು ಬಾಕಿ ಇರಬಹುದು, ಅಲ್ಲಿ ಕಾಯಬೇಕು. ಕಾರಣಕ್ಕೆ ತಕ್ಕಂತೆ ನಮ್ಮ ಕರ್ತವ್ಯವು ಬದಲಾಗುವಲ್ಲಿ ಸಿದ್ಧವಾದ ಪೆಟ್ಟಿಗೆಯು ಸಾಲದು. ನಾವೇ ಒಂದು ಟೈಪನ್ನು ರಚಿಸಿಕೊಳ್ಳಬೇಕು:

ಡೇಟಾ ಫಲ = ಅಂಕ ಇಂಟ್ | ಗೈರುಹಾಜರಿ | ವಿನಾಯಿತಿ | ಬಾಕಿ

‘ಮೇಬಿಯನ್ನೇ ಇಟ್ಟುಕೊಂಡು, ಗೈರುಹಾಜರಿಗೊಂದು, ವಿನಾಯಿತಿಗೊಂದು ಹೌದು-ಅಲ್ಲ ಎಂಬ ಗುರುತುಗಳನ್ನು ಪಕ್ಕದಲ್ಲಿ ಸೇರಿಸಿದರೆ ಆಗದೋ?’ ಎಂದು ಕೆಲವರು ಕೇಳುವರು. ಲೆಕ್ಕಹಾಕಿ ನೋಡೋಣ. ಅಂಕ ಉಂಟು ಅಥವಾ ಇಲ್ಲ, ಎರಡು ವಿಧ, ಎರಡು ಗುರುತುಗಳಿಂದ ನಾಲ್ಕು ವಿಧ, ಒಟ್ಟು ಎಂಟು. ಇವುಗಳಲ್ಲಿ ಅರ್ಥವುಳ್ಳವು ನಾಲ್ಕೇ. ಉಳಿದ ನಾಲ್ಕು ‘62 ಅಂಕ ಪಡೆದಳು, ಪರೀಕ್ಷೆಗೂ ಬಂದಿಲ್ಲ’ ಎಂಬಂಥ ಅಸಂಬದ್ಧಗಳು. ಎಂಟನ್ನು ಬರೆಯಲು ಎಡೆಕೊಟ್ಟ ಮೇಲೆ ಯಾರಾದರೂ ಒಂದು ದಿನ ಆ ನಾಲ್ಕರಲ್ಲೊಂದನ್ನು ಬರೆಯದಿರರು. ನಮ್ಮ ‘ಫಲ’ದಲ್ಲಿಯಾದರೋ ಅಂಥ ಸುಳ್ಳನ್ನು ಬರೆಯುವದಕ್ಕೇ ಸ್ಥಳವಿಲ್ಲ. ಟೈಪನ್ನು ರಚಿಸುವದರ ಮುಖ್ಯ ಪ್ರಯೋಜನ ಇದೇ.

ಮತ್ತೊಂದು ಲಾಭವುಂಟು. ಮುಂದೆ ‘ತಡೆಹಿಡಿದದ್ದು’ ಎಂಬ ಐದನೆಯ ಕವಲನ್ನು ಸೇರಿಸಿದೆವೆನ್ನಿ. ಫಲವನ್ನು ಕವಲುಕವಲಾಗಿ ಬಿಡಿಸಿ ನೋಡುವಲ್ಲೆಲ್ಲಾ ಹೊಸ ಕವಲಿಗೂ ಉತ್ತರ ಬೇಕಾಗುವದು. ರಸ್ಟ್, ಎಲ್ಮ್ ಭಾಷೆಗಳ ಕಂಪೈಲರು ಒಂದು ಕವಲನ್ನು ಬಿಟ್ಟರೂ ಪ್ರೋಗ್ರಾಮನ್ನು ಒಪ್ಪದು. ಹ್ಯಾಸ್ಕೆಲ್‌ನಲ್ಲಿ ನಾವು ಕೇಳಿಕೊಂಡರೆ ಎಚ್ಚರಿಕೆ ಕೊಡುವದು. ಆದರೆ ಎಲ್ಲ ಕವಲುಗಳಿಗೂ ‘ಉಳಿದವೆಲ್ಲಾ’ ಎಂದು ಒಂದೇ ಉತ್ತರವನ್ನು ಬರೆದಿಟ್ಟವರಿಗೆ ಈ ಸಹಾಯವು ದೊರೆಯದು.

ಹಾಗೆಂದು ಎಲ್ಲೆಡೆಯೂ ಹೊಸ ಟೈಪುಗಳನ್ನು ಕಟ್ಟುತ್ತಾ ಹೋಗಬಾರದು. ಪಟ್ಟಿಯಲ್ಲಿ 60ಕ್ಕಿಂತ ಹೆಚ್ಚು ಪಡೆದ ಮೊದಲನೆಯವಳನ್ನು ಹುಡುಕುವಾಗ ಸಿಕ್ಕಿದಳು, ಇಲ್ಲವೆ ಸಿಕ್ಕಲಿಲ್ಲ. ಸಿಕ್ಕದಿರುವದಕ್ಕೆ ಒಂದೇ ಕಾರಣ. ಅಲ್ಲಿ ಮೇಬಿ ಸಾಕು. ಅದರೊಂದಿಗೆ ಉಪಯೋಗಿಸಲು ಸಿದ್ಧ ಫಂಕ್ಷನ್‌ಗಳು ಅನೇಕವಿವೆ. ಹೊಸ ಟೈಪಿಗೆ ಅಂಥವನ್ನು ಬಹುಮಟ್ಟಿಗೆ ನಾವೇ ಬರೆದುಕೊಳ್ಳಬೇಕು. ಆದುದರಿಂದ ‘ಇಲ್ಲ’ ಎಂಬದಕ್ಕೆ ಎಷ್ಟು ಕಾರಣಗಳುಂಟು, ಅವುಗಳಿಂದ ನಮ್ಮ ಮುಂದಿನ ಕೆಲಸವು ಬೇರೆಯಾಗುವದೋ ಎಂದು ಮೊದಲು ವಿಚಾರಿಸಿ, ಬೇರೆಯಾಗುವದಾದರೆ ಮಾತ್ರ ಪ್ರತಿಯೊಂದಕ್ಕೂ ಹೆಸರಿಡತಕ್ಕದ್ದು.

ಅಭ್ಯಾಸ

1. ಗ್ರಂಥಾಲಯದ ಪುಸ್ತಕವೊಂದು ಕಪಾಟಿನಲ್ಲಿ ಇಲ್ಲ. ಅದಕ್ಕಿರಬಹುದಾದ ಕಾರಣಗಳನ್ನು ಎಣಿಸಿ, ತಕ್ಕ ಟೈಪನ್ನು ರಚಿಸಿರಿ.

2. ಯಾರೂ ಪರೀಕ್ಷೆ ಬರೆಯದಿದ್ದರೆ ಸರಾಸರಿ ಇಲ್ಲ. ಒಬ್ಬಳ ಫಲವು ‘ಬಾಕಿ’ ಆಗಿದ್ದರೆ ಸರಾಸರಿಯನ್ನು ಇನ್ನೂ ಪ್ರಕಟಿಸಕೂಡದು. ಹಾಗಾದರೆ ಸರಾಸರಿಗೆ ‘ಮೇಬಿ’ ಸಾಕೇ? ಕಾರಣವನ್ನು ಕೊಡಿರಿ.

3. ‘ಫಲ’ದಲ್ಲಿ ಅಂಕವು -5 ಅಥವಾ 400 ಆಗುವದನ್ನು ಮೇಲಿನ ರಚನೆಯು ತಡೆಯುವದೇ? ತಡೆಯದಿದ್ದರೆ ಏನು ಮಾಡುವಿರಿ?