‘ಜರೀಗಿಡ’: ಒಂದು ಪಾರಿಭಾಷಿಕ ಪದದ ವ್ಯಾಪ್ತಿ

ಕನ್ನಡದ ಸಸ್ಯಶಾಸ್ತ್ರ ಬರವಣಿಗೆಯಲ್ಲಿ ‘ಫರ್ನ್’ ಎಂಬುದಕ್ಕೆ ಸಂವಾದಿಯಾಗಿ ‘ಜರೀಗಿಡ’ ಎಂಬ ಪದ ಬಳಕೆಯಲ್ಲಿದೆ. ಪದ ಕೇಳಿದೊಡನೆ ಓದುಗನ ಮನಸ್ಸಿನಲ್ಲಿ ಮೂಡುವುದು ಸೀರೆಯ ಜರಿಯಂಚಿನಂತೆ ನವುರಾಗಿ ಸೀಳಿದ ಎಲೆ ಹಾಗೂ ಮಲೆನಾಡಿನ ನೆರಳು. ಪದವು ಆಕಾರವೊಂದನ್ನೇ ಹಿಡಿದಿಟ್ಟಾಗ ವರ್ಗೀಕರಣದ ಗ್ರಹಿಕೆ ಹೇಗೆ ಕುಂಠಿತವಾಗುತ್ತದೆ ಎಂಬುದನ್ನು ದಾವಣಗೆರೆ–ಹರಿಹರ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಿಹರ ತುಂಗಭದ್ರೆಯ ದಡದಲ್ಲಿದೆ. ದಾವಣಗೆರೆಯ ಸುತ್ತಲಿನ ಭತ್ತದ ಗದ್ದೆಗಳಿಗೆ ಭದ್ರಾ ನಾಲೆಯ ನೀರಿದೆ. ನೀರು ನಿಂತ ಇಂಥ ಗದ್ದೆಗಳಲ್ಲಿ ಕಳೆಯಾಗಿ ಬೆಳೆಯುವ ಮಾರ್ಸಿಲಿಯಾದ ತೊಟ್ಟಿನ ತುದಿಯಲ್ಲಿ ನಾಲ್ಕು ಕಿರುಎಲೆಗಳಿರುತ್ತವೆ. ಸಾರಜನಕ ಒದಗಿಸುವ ಗೊಬ್ಬರವಾಗಿ, ದನಗಳ ಮೇವಾಗಿ ರೈತರು ಬೆಳೆಸುವ ಅಜೋಲಾ ನೀರಿನ ಮೇಲೆ ಹಾಸಿದಂತೆ ತೇಲುತ್ತದೆ. ಎರಡಕ್ಕೂ ಜರಿಯ ಚಹರೆಯಿಲ್ಲ. ಆದರೂ ಎರಡೂ ಹೂ ಬಿಡದೆ, ಬೀಜ ಕಟ್ಟದೆ, ಬೀಜಾಣುಗಳಿಂದ ವಂಶ ಬೆಳೆಸುವ ನಿಜವಾದ ಜರೀಗಿಡಗಳು. ಮಾರ್ಸಿಲಿಯಾದ ಎಳೆಯ ಎಲೆ ಮಲೆನಾಡಿನ ತನ್ನ ಬಂಧುಗಳಂತೆಯೇ ಸುರುಳಿ ಸುತ್ತಿಕೊಂಡು ಮೂಡುತ್ತದೆ. ಹಿರಿದು, ಕಿರಿದು ಎಂಬ ಎರಡು ಬಗೆಯ ಬೀಜಾಣುಗಳನ್ನು ಪಡೆದಿರುವ ಇವೆರಡನ್ನೂ ಸಾಲ್ವಿನಿಯೇಲೀಸ್ ಗಣದಲ್ಲಿ ಇರಿಸಲಾಗಿದೆ.

ಆಕಾರವನ್ನು ನಂಬಿದ ಹೆಸರು ಬೇರೊಂದು ಬಗೆಯ ಗೊಂದಲಕ್ಕೂ ಎಡೆಮಾಡುತ್ತದೆ. ಆಯುರ್ವೇದದ ‘ಮಯೂರಶಿಖೆ’ಯನ್ನು ಕೆಲವರು ಆಕ್ಟಿನಿಯೋಪ್ಟೆರಿಸ್ ಎಂಬ ಜರೀಗಿಡವೆಂದೂ ಕೆಲವರು ಕೋಳಿಜುಟ್ಟಿನ ಹೂಗಿಡವೆಂದೂ ಗುರುತಿಸಿದ್ದಾರೆ. ನವಿಲ ಜುಟ್ಟಿನ ಹೋಲಿಕೆಯೊಂದೇ ಹೂವಿಲ್ಲದ ಗಿಡವನ್ನೂ ಹೂವಿನ ಗಿಡವನ್ನೂ ಒಂದೇ ಹೆಸರಿನಡಿ ತಂದಿದೆ.

ಹಳೆಯ ಪಠ್ಯಗಳು ಜರೀಗಿಡ, ಸೆಲಾಜಿನೆಲ್ಲಾ, ಲೈಕೋಪೋಡಿಯಂ, ಈಕ್ವಿಸೀಟಂಗಳನ್ನು ‘ಟೆರಿಡೋಫೈಟಾ’ ಎಂಬ ಒಂದೇ ವಿಭಾಗದಲ್ಲಿ ಸೇರಿಸಿದ್ದವು. ಡಿ.ಎನ್.ಎ. ಅಧ್ಯಯನಗಳು ಈ ಒಕ್ಕೂಟವನ್ನು ಒಡೆದವು. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಪ್ರಕಟಿಸಿದ ವರ್ಗೀಕರಣವು ಈ ಸಸ್ಯಗಳನ್ನು ಲೈಕೋಪೋಡಿಯಾಪ್ಸಿಡಾ ಮತ್ತು ಪಾಲಿಪೋಡಿಯಾಪ್ಸಿಡಾ ಎಂಬ 2 ವರ್ಗಗಳಾಗಿ, 14 ಗಣ ಹಾಗೂ 51 ಕುಟುಂಬಗಳಾಗಿ ವಿಂಗಡಿಸಿತು. ಇದರಂತೆ, ನೋಟಕ್ಕೆ ಜರಿಯಂತಿರುವ ಸೆಲಾಜಿನೆಲ್ಲಾ ಜರೀಗಿಡಗಳ ವರ್ಗದಿಂದ ಹೊರಗುಳಿಯಿತು. ಗೆಣ್ಣುಗಳ ಕಡ್ಡಿಯಂತೆ ಕಾಣುವ ಈಕ್ವಿಸೀಟಂ ಒಳಬಂದಿತು.

ಹಾಗೆಂದು ‘ಜರೀಗಿಡ’ ಪದವನ್ನು ಕೈಬಿಡಬೇಕಾಗಿಲ್ಲ. ಅದು ರೂಢಿಯ ಬಲ ಪಡೆದ ಪದ. ಬದಲಾಗಬೇಕಾದುದು ಅದರ ನಿರೂಪಣೆ. ಪಾಲಿಪೋಡಿಯಾಪ್ಸಿಡಾ ವರ್ಗಕ್ಕೆ ಈ ಪದವನ್ನು ಮೀಸಲಿರಿಸಿ, ಎಲೆಯ ಅಂದಕ್ಕೆ ಬದಲು ಬೀಜಾಣು ಮತ್ತು ವಂಶಸಂಬಂಧಗಳನ್ನು ಅರ್ಥವಿವರಣೆಯಲ್ಲಿ ಮುಂದಿಡುವುದು ಉಚಿತ. ಆಗ ದಾವಣಗೆರೆಯ ವಿದ್ಯಾರ್ಥಿಗೆ ಜರೀಗಿಡವೆಂದರೆ ಆಗುಂಬೆಯ ಚಿತ್ರ ಮಾತ್ರವಲ್ಲ, ತನ್ನೂರ ಗದ್ದೆಯ ಕಳೆಯೂ ಆಗುತ್ತದೆ. ಪಾರಿಭಾಷಿಕ ಪದ ವಸ್ತುವನ್ನು ಹೆಸರಿಸಿದರಷ್ಟೇ ಸಾಲದು; ಅದನ್ನು ಕಾಣಿಸಲೂ ಬೇಕು.